ಏಳು ದಿನದ ಜಮೀನುದಾರ

ಪಸ್ಕ ಹಬ್ಬಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ತೌಫೀಕ್ ಅವಾವ್ದೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೇಕರಿಯ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳನ್ನು ಒಂದು ಗೋಡೆಗೆ ಒಟ್ಟುವನು, ಸ್ವಲ್ಪ ಹೊತ್ತಿಗೆ ಅದೇಕೋ ಸರಿಯಿಲ್ಲವೆನ್ನಿಸಿ ಇನ್ನೊಂದು ಗೋಡೆಗೆ ಸಾಗಿಸುವನು. ಮನೆಗೆ ಬಂದರೆ ಅಂಗಳದ ನಿಂಬೆಗಿಡದ ಸುತ್ತ ಶತಪಥ. ಹೆಂಡತಿ ನಝೀಹಾ ಕಿಟಕಿಯಿಂದ ನೋಡಿ ನೋಡಿ ಸಾಕಾಗಿ, ರೂಢಿಯಂತೆ ಮಗಳ ಹೆಸರು ಹಿಡಿದು, "ಅಬು ಹನೀನ್, ನಿಮಗಲ್ಲದಿದ್ರೂ ಆ ಗಿಡಕ್ಕೆ ತಲೆ ತಿರುಗುತ್ತೆ. ಬಿಡಿ ಪಾಪ," ಎಂದಳು.

ಹಿಂದಿನ ವರ್ಷಗಳಲ್ಲಿ ಈ ವಾರವೆಂದರೆ ಅವನಿಗೆ ಹಿಗ್ಗು. ಪಸ್ಕದ ಏಳು ದಿನ ಯೆಹೂದಿಗಳ ಮನೆಯಲ್ಲಿ ಹುಳಿ ಬಂದ ಹಿಟ್ಟಿನ ಯಾವ ಪದಾರ್ಥವೂ ಅವರದಾಗಿ ಇರಕೂಡದು. ರೊಟ್ಟಿ, ಬಿಸ್ಕತ್ತು, ಶ್ಯಾವಿಗೆ, ಬಿಯರು, ವಿಸ್ಕಿ, ಯಾವುದೂ. ತುಂಬಿದ ಮನೆಯಲ್ಲಿ ಎಲ್ಲವನ್ನೂ ಎಸೆಯುವುದು ಹೇಗೆ? ಆದ್ದರಿಂದ ಉಳಿದದ್ದನ್ನು ಒಂದು ಕಪಾಟಿಗೆ ತುಂಬಿ, ಬಾಗಿಲು ಮುಚ್ಚಿ, ರಬ್ಬಿಯ ಮೂಲಕ ಯೆಹೂದಿಯಲ್ಲದ ಒಬ್ಬನಿಗೆ ಮಾರಿಬಿಡುವರು. ಹಬ್ಬ ಮುಗಿದ ಸಂಜೆ ಅವನಿಂದಲೇ ಮರಳಿ ಕೊಳ್ಳುವರು. ಕಣಿವೆಯ ಪೇಟೆಗೂ ಅದರ ಮೇಲಿನ ಗುಡ್ಡದ ಹೊಸ ಊರು ಗಿವತ್ ಓರೆನ್‌ಗೂ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಒಬ್ಬನೆಂದರೆ ಕಫ್ರ್ ಸುಮ್ಮಾಕ್ ಹಳ್ಳಿಯ ತೌಫೀಕನೇ. ಪೇಟೆಯ ಬೇಕರಿಯಲ್ಲಿ ಅವನ ಕೈ ಶುದ್ಧವೆಂದು ಎಲ್ಲರಿಗೂ ಗೊತ್ತಿತ್ತು.

ಹಳ್ಳಿಯ ಕಾಫಿ ಅಂಗಡಿಯಲ್ಲಿ ಅವನದು ವರ್ಷಕ್ಕೊಮ್ಮೆ ಇದೇ ಹಾಸ್ಯ. "ನಾಳೆಯಿಂದ ಗಿವತ್ ಓರೆನ್‌ನ ವಿಸ್ಕಿ ಎಲ್ಲಾ ನಂದು. ಕುಡಿಯೋದು ಹರಾಮು ಕಣ್ರಪ್ಪಾ, ನಂದು ಅಂದ್ಕೊಳ್ಳೋದು ಹರಾಮಲ್ಲ." ಜನ ನಗುವರು. "ಜಮೀನುದಾರ ಬಂದ, ಜಾಗ ಬಿಡಿ," ಎಂದು ಬೆಂಚು ಸರಿಸುವರು.

ಈ ವರ್ಷ ಅವನು ಕಾಫಿ ಅಂಗಡಿಯ ಕಡೆಗೇ ಹೋಗಲಿಲ್ಲ. ಕಾರಣ ಮಗಳು ಹನೀನ್. ಬಹಳ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಪೇಟೆಯ ಚಿಕಿತ್ಸಾಲಯದಲ್ಲಿ ಮುರಿದ ಕೈಕಾಲಿಗೆ ಮತ್ತೆ ಚಲನೆ ಕಲಿಸುವ ಕೆಲಸ. ಗಂಡ ವಸೀಮ್ ಗಣಿತದ ಮೇಷ್ಟ್ರು. ಇಬ್ಬರೂ ಮೂರು ವರ್ಷದ ಮಗಳೊಂದಿಗೆ ತೌಫೀಕನ ಮನೆಯ ತಾರಸಿಯ ಮೇಲೆ ತಗಡು ಹೊದಿಸಿದ ಎರಡು ಕೋಣೆಗಳಲ್ಲಿದ್ದರು. ಆ ಕೋಣೆಗಳಿಗೆ ಪರವಾನಗಿ ಇರಲಿಲ್ಲ, ಸಿಗುವಂತೆಯೂ ಇರಲಿಲ್ಲ. ಹಳ್ಳಿಯ ನಕ್ಷೆ ಹನೀನ್ ಹುಟ್ಟುವ ಮೊದಲೇ ಬರೆದದ್ದು. ಜನ ಮೂರು ಪಟ್ಟಾದರೂ ನಕ್ಷೆ ಒಂದು ಗೇಣು ಬೆಳೆದಿರಲಿಲ್ಲ. ಕೋಣೆಗಳನ್ನು ಕೆಡವಬೇಕೆಂಬ ಆದೇಶ ಆಗಲೇ ಗೋಡೆಗೆ ಅಂಟಿತ್ತು.

ಗಿವತ್ ಓರೆನ್‌ನಲ್ಲಿ ಸರ್ಕಾರದ ನೆಲದ ಮೇಲೆ ಮನೆಜಾಗಗಳು ಖಾಲಿ ಇದ್ದವು. ಹನೀನ್ ಅರ್ಜಿ ಹಾಕಿದಳು. ಆ ಊರಿನ ಸೇರ್ಪಡೆ ಸಮಿತಿ ಅವರಿಬ್ಬರನ್ನೂ ಕರೆಸಿ, ಚಹಾ ಕೊಟ್ಟು, ನಗುನಗುತ್ತ ಮಾತಾಡಿಸಿ, ಆಮೇಲೆ 'ಊರಿನ ಸಾಮಾಜಿಕ ಹೊಂದಿಕೆಗೆ ಒಗ್ಗುವುದಿಲ್ಲ' ಎಂದು ಹೇಳಿ ಕಳಿಸಿತು. ಹನೀನ್ ಮೇಲ್ಮನವಿ ಸಲ್ಲಿಸಿದ್ದಳು. ಅದು ಬಿದ್ದುಹೋದರೆ ತಗಡಿನ ಕೋಣೆಯೂ ಇಲ್ಲ, ಗುಡ್ಡದ ಮನೆಯೂ ಇಲ್ಲ.

ಆ ಸಂಜೆ ತಾಯಿ ಮಗಳು ಅಡುಗೆಮನೆಯ ನೆಲದ ಮೇಲೆ ಕುಳಿತು ಗುಡ್ಡದಿಂದ ಪಲ್ಯಕ್ಕೆಂದು ಕಿತ್ತು ತಂದ ಅಕ್ಕೂಬ್ ಗಿಡಗಳ ಮುಳ್ಳು ಕತ್ತರಿಸುತ್ತಿದ್ದರು. ತೌಫೀಕ್ ಒಳಗೆ ಬಂದ, ಹೊರಗೆ ಹೋದ, ಮತ್ತೆ ಬಂದ.

"ಯಾಬಾ," ಎಂದಳು ಹನೀನ್ ತಲೆಯೆತ್ತದೆ, "ಈ ವರ್ಷಾನೂ ರಬ್ಬಿ ಹತ್ರ ಹೋಗ್ತೀಯಾ?"

"ಅವರು ಒಳ್ಳೇ ಮನುಷ್ಯ ಕಣಮ್ಮ."

"ಒಳ್ಳೇವ್ರಲ್ಲ ಅಂದ್ನಾ? ಹೋಗ್ತೀಯಾ ಅಂದೆ."

"ಅದು ಬೇರೆ, ಇದು ಬೇರೆ."

"ಹೇಗೆ ಬೇರೆ?" ಹನೀನ್ ಕತ್ತರಿ ಕೆಳಗಿಟ್ಟಳು. "ಸಾಮಾನು ಮಾತ್ರ ಅಲ್ಲ, ಸಾಮಾನಿರೋ ಜಾಗಾನೂ ನಿನಗೆ ಬಾಡಿಗೆಗೆ ಕೊಡ್ತಾರೆ ಅಂತ ನೀನೇ ಹೇಳ್ತಿದ್ದೆ. ಗುಡ್ಡದ ಒಂದೊಂದು ಮನೇಲೂ ನಿಂಗೆ ಒಂದೊಂದು ಕಪಾಟು. ನೀನು ಒಗ್ತೀಯ, ನಾನು ಒಗ್ಗಲ್ಲ! ಹಾಗಾದ್ರೆ ಒಂದು ಕೆಲಸ ಮಾಡು. ವಸೀಮೂ ನಾನೂ ಆ ಕಪಾಟಲ್ಲೇ ಸಂಸಾರ ಹೂಡ್ತೀವಿ. ಬಿಸ್ಕತ್ತು ಒಂಚೂರು ಆ ಕಡೆ ಸರಿಸಿಕೊಡು."

ನಝೀಹಾಗೆ ನಗು ಬಂತು. ತೌಫೀಕನಿಗೆ ಬರಲಿಲ್ಲ. ಅವನು ಮತ್ತೆ ಅಂಗಳಕ್ಕೆ ಹೋದ.

ಹಬ್ಬದ ಹಿಂದಿನ ದಿನ ಅವನು ಪೇಟೆಗೆ ಹೋದದ್ದು ಒಲ್ಲೆನೆಂದು ಹೇಳುವುದಕ್ಕೇ. ರಬ್ಬಿ ಎಲ್ಯಾಕೀಮ್ ದಹಾನ್ ಮೊರಾಕ್ಕೋದಲ್ಲಿ ಹುಟ್ಟಿದವರು. ಅಲ್ಲಿಯ ಅರಬ್ಬಿ ಮಾತು ಅವರ ನಾಲಿಗೆಯಿಂದ ಇನ್ನೂ ಹೋಗಿರಲಿಲ್ಲ. ಆ ಅರಬ್ಬಿಯನ್ನು ಕೇಳಿದರೆ ತೌಫೀಕನಿಗೆ ಯಾವಾಗಲೂ ಮೀಸೆಯಡಿಯಲ್ಲೇ ನಗು.

"ಬಾರಯ್ಯ ಜಮೀನುದಾರ! ಊರೆಲ್ಲಾ ಕಸಗುಡಿಸಿ ನಿನಗೋಸ್ಕರ ಕಾಯ್ತಾ ಇದೆ."

"ರಬ್ಬಿ, ಈ ಸಲ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ರಬ್ಬಿ ಕನ್ನಡಕ ತೆಗೆದರು. "ಮೈಗೆ ಹುಷಾರಿಲ್ವಾ?"

ತೌಫೀಕ್ ಮಗಳ ವಿಷಯವನ್ನೆಲ್ಲ ಹೇಳಿದ. ಹೇಳುವಾಗ ಕುರ್ಚಿಯಿಂದ ಎರಡು ಸಲ ಎದ್ದ. ರಬ್ಬಿ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಗುಡ್ಡದವರು ನನ್ನನ್ನ ಏನೂ ಕೇಳಲ್ಲ ತೌಫೀಕ್. ಹಬ್ಬದ ಹಿಂದಿನ ದಿನ ನೆನೆಸಿಕೊಳ್ತಾರೆ, ಹಬ್ಬ ಮುಗಿದ ಮಾರನೇ ದಿನ ಮರೀತಾರೆ. ನಿನ್ನ ಹಾಗೇ ನಾನೂ," ಎಂದರು. ಆಮೇಲೆ, "ನಾನು ಬಲವಂತ ಮಾಡಲ್ಲ. ಮಾಡೋ ಹಾಗೂ ಇಲ್ಲ. ಮನಸ್ಸಿಲ್ಲದೋನ ಜೊತೆ ಮಾಡಿದ ವ್ಯಾಪಾರ ನಮ್ಮ ಧರ್ಮದಲ್ಲಿ ವ್ಯಾಪಾರವೇ ಅಲ್ಲ. ನನಗೆ ನಿಜವಾಗಿ ಕೊಳ್ಳೋನು ಬೇಕು, ನಾಟಕದೋನು ಬೇಡ," ಎಂದರು.

ತೌಫೀಕ್ ತಟ್ಟನೆ ಕೇಳಿದ: "ಅಂದ್ರೆ, ಅದು ನಿಜವಾಗ್ಲೂ ನಂದೇ ಆಗುತ್ತಾ?"

"ಇಷ್ಟು ವರ್ಷ ಏನಂದ್ಕೊಂಡಿದ್ದೆ? ನಿಂದೇ. ತಿನ್ನು, ಮಾರು, ದಾನ ಮಾಡು. ಬಾಗಿಲು ತಟ್ಟಿ ತೆಗೀರಿ ಅಂದ್ರೆ ಅವರು ತೆಗೀಲೇಬೇಕು."

"ಜಾಗ?"

"ಜಾಗಾನೂ. ನೀನಾಗಿ ಬಿಟ್ಟುಕೊಡೋ ತನಕ."

ತೌಫೀಕ್ ಕಿಟಕಿಯ ಹೊರಗೆ ನೋಡಿದ. ಗುಡ್ಡದ ಮೇಲೆ ಕೆಂಪು ಹೆಂಚುಗಳು ಸಾಲಾಗಿ ಕಂಡವು. ವ್ಯಾಪಾರ ಕುದುರಿದ ಗುರುತಿಗೆ ಹಿಡಿಯಲೆಂದು ರಬ್ಬಿ ಮೇಜಿನ ಮೇಲಿಟ್ಟಿದ್ದ ಕರವಸ್ತ್ರದ ಒಂದು ತುದಿಯನ್ನು ಹಿಡಿದು, "ಸರಿ, ಮಾಡಿ," ಎಂದ. ಇನ್ನೊಂದು ತುದಿಯನ್ನು ರಬ್ಬಿ ಹಿಡಿದರು. ಕೈ ಕುಲುಕಿದರು. ವ್ಯಾಪಾರ ಮುಗಿಯಿತು.

ಮನೆಯಲ್ಲಿ ಹನೀನ್ ಏನೂ ಕೇಳಲಿಲ್ಲ. ಅಪ್ಪನ ತಟ್ಟೆಗೆ ಬಡಿಸಿ ಮೇಲೆ ಹೋದಳು. ಆ ಮೌನ ಅವನನ್ನು ಮೂರು ದಿನ ಕಡಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗುಡ್ಡ ಹತ್ತಿದ. ಊರಬಾಗಿಲಿನ ಕಾವಲುಗಾರ ಬೇಕರಿಯವನೆಂದು ಗುರುತಿಸಿ ಕೈಬೀಸಿದ. ತೌಫೀಕ್ ನೆಟ್ಟಗೆ ಗಿದೋನ್ ಮೋಲ್ಖೊನ ಮನೆಯ ಬಾಗಿಲು ತಟ್ಟಿದ. ಗಿದೋನ್ ಸೇರ್ಪಡೆ ಸಮಿತಿಯ ಮುಖ್ಯಸ್ಥ.

ಬಾಗಿಲು ತೆರೆದವಳು ಗಿದೋನನ ಹೆಂಡತಿ ಅವಿಟಾಲ್. ತಲೆಗೆ ವಸ್ತ್ರ ಕಟ್ಟಿದ್ದಳು. ಗಂಡನಿಗಿಲ್ಲದ ನೇಮನಿಷ್ಠೆ ಅವಳಿಗಿತ್ತು.

"ನಾನು ತೌಫೀಕ್. ನಿಮ್ಮ ಕಪಾಟು ಕೊಂಡೋನು. ಸಾಮಾನು ನೋಡಿಹೋಗೋಣ ಅಂತ ಬಂದೆ."

ಅವಿಟಾಲ್ ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಒದ್ದೆ ಕೈ ಒರೆಸಿಕೊಂಡು, "ಬನ್ನಿ. ನಿಮ್ಮ ಹಕ್ಕು ಅದು," ಎಂದು ಹಿಂದಿನ ಬಾಲ್ಕನಿಗೆ ಕರೆದೊಯ್ದಳು. ಕಪಾಟಿನ ಬಾಗಿಲಿಗೆ ಅಡ್ಡಲಾಗಿ ಹಚ್ಚಿದ್ದ ಅಂಟುಪಟ್ಟಿಯನ್ನು ತೌಫೀಕ್ ಮೆಲ್ಲಗೆ ಬಿಡಿಸಿದ. ಒಳಗೆ ಅರ್ಧ ಚೀಲ ಹಿಟ್ಟು, ಶ್ಯಾವಿಗೆ, ಒಂದು ಬಾಟಲಿ ವಿಸ್ಕಿ, ಆನೆಯ ಚಿತ್ರವಿದ್ದ ಮಕ್ಕಳ ತಿಂಡಿಯ ಡಬ್ಬ. ಆ ಡಬ್ಬ ನೋಡಿ ತೌಫೀಕನಿಗೆ ನಾಚಿಕೆಯಾಯಿತು. ಬಾಗಿಲು ಮುಚ್ಚಿ ಅಂಟುಪಟ್ಟಿಯನ್ನು ಮತ್ತೆ ಒತ್ತಿದ. ಆದರೆ ಹೊರಡಲಿಲ್ಲ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಕಪಾಟಿನ ಪಕ್ಕಕ್ಕೆ ಎಳೆದುಕೊಂಡ. "ಸ್ವಲ್ಪ ಹೊತ್ತು ಕೂತ್ಕೋತೀನಮ್ಮ. ಜಾಗ ಹೇಗೂ ನಂದೇ."

ಅಲ್ಲಿಂದ ಕಫ್ರ್ ಸುಮ್ಮಾಕ್ ಪೂರ್ತಿ ಕಾಣುತ್ತಿತ್ತು. ಒಂದರ ಬೆನ್ನಿಗೆ ಒಂದು ಒತ್ತಿಕೊಂಡ ಮನೆಗಳು, ತಾರಸಿಯ ಮೇಲೆ ತಾರಸಿ, ನಡುವೆ ಬಿಸಿಲಿಗೆ ಹೊಳೆಯುವ ತಗಡು. ಆ ತಗಡಿನಡಿಯಲ್ಲಿ ತನ್ನ ಮೊಮ್ಮಗಳು ಈಗ ಆಡುತ್ತಿರಬೇಕು ಎಂದುಕೊಂಡ.

ಗಿದೋನ್ ಬಂದ. ಎತ್ತರದ, ಸಂಕೋಚದ ಮನುಷ್ಯ. "ಇದು ನಿಮ್ಮ ಮಗಳ ವಿಷಯ, ಅಲ್ವಾ?"

"ಇಲ್ಲಪ್ಪ. ಹಿಟ್ಟಿಗೆ ಹುಳ ಬಿದ್ದಿದ್ಯೋ ಅಂತ ನೋಡೋಕೆ ಬಂದೆ. ಬಿದ್ದಿಲ್ಲ."

"ತೌಫೀಕ್, ನನಗೆ ನಿಮ್ಮ ಮೇಲೆ ಏನೂ ಇಲ್ಲ. ನಮ್ಮ ಅಜ್ಜಿ ಸಲೋನಿಕಾದವಳು. ಯುದ್ಧದ ಕಾಲದಲ್ಲಿ ಅವಳ ಬೀದಿಯಿಂದ ಸಾವಿನ ಶಿಬಿರಕ್ಕೆ ರೈಲು ಹತ್ತಿಸಿದವರಲ್ಲಿ ತಿರುಗಿ ಬಂದದ್ದು ಅವಳೊಬ್ಬಳೇ. ಜಗತ್ತಲ್ಲಿ ಎಲ್ಲೂ ಅವಳಿಗೆ ಒಳಗಿಂದ ಅಗುಳಿ ಹಾಕ್ಕೊಳ್ಳೋಕೆ ಒಂದು ಬಾಗಿಲಿರ್ಲಿಲ್ಲ. ನಮ್ಮವರ ಮಧ್ಯೆ, ನಮ್ಮ ಹಬ್ಬ, ನಮ್ಮ ಭಾಷೆ ಇಟ್ಕೊಂಡು ಬದುಕೋಕೆ ಒಂದು ಜಾಗ ಬೇಕು ಅನ್ನೋದು ದ್ವೇಷ ಅಲ್ಲ."

ತೌಫೀಕ್ ಸ್ಟೂಲನ್ನು ಅವನ ಕಡೆಗೆ ತಿರುಗಿಸಿಕೊಂಡ. "ನಿಮ್ಮ ಅಜ್ಜಿ ಮಾತು ಕೇಳಿದ್ರೆ ನನಗೂ ಸಂಕಟ ಆಗುತ್ತೆ. ಸುಳ್ಳು ಹೇಳ್ತಿಲ್ಲ. ಆದ್ರೆ ಅವಳನ್ನ ರೈಲು ಹತ್ತಿಸಿದ್ದು ನನ್ನ ಮಗಳಲ್ಲ. ಇದು ಯೆಹೂದಿಗಳ ರಾಷ್ಟ್ರ ಅಂತ ಹೋದ ಬೇಸಗೇಲಿ ಸಂಸತ್ತು ಕಾನೂನು ಬರೀತು. ನನಗೆ ನೋವಾಯ್ತು, ಆದ್ರೂ ಕೆಲಸಕ್ಕೆ ಬಂದೆ. ನಾನು ಬಾವುಟ ಬದಲಾಯಿಸಿ ಅನ್ನೋಕೆ ಬಂದಿಲ್ಲ. ಒಂದು ಮನೆಜಾಗ ಕೇಳ್ತಿದೀನಿ. ತೆರಿಗೆ ಕಟ್ಟುವಾಗ ನಾನು ಪ್ರಜೆ, ಗೋಡೆ ಕಟ್ಟುವಾಗ ಹೊಂದಿಕೆಯಿಲ್ಲದೋನು. ಇದು ಹೇಗೆ?"

"ನಾನೇ ಕಫ್ರ್ ಸುಮ್ಮಾಕ್‌ಗೆ ಬಂದು ಮನೆಜಾಗ ಕೇಳಿದ್ರೆ ನೀವು ಕೊಡ್ತೀರಾ? ನಿಜ ಹೇಳಿ."

ತೌಫೀಕ್ ಯೋಚಿಸಿದ. ದೊಡ್ಡಪ್ಪನ ಮಕ್ಕಳ ಮುಖಗಳು ಕಣ್ಣಮುಂದೆ ಬಂದವು. "ಕೊಡ್ತಿರ್ಲಿಲ್ಲ," ಎಂದ. "ಆದ್ರೆ ಅಲ್ಲಿ ನೋಡಿ. ಎಲ್ಲಿಂದ ಕೊಡ್ಲಿ? ನಮಗೂ ಒಂದು ಗುಡ್ಡ ಕೊಟ್ಟು ನೋಡಿ. ಆಮೇಲೂ ನಿಮ್ಮನ್ನ ಬೇಡ ಅಂದ್ರೆ ನಾನೇ ಬಂದು ನಿಮ್ಮ ಜೊತೆ ಕೂತು ನಮ್ಮವರನ್ನ ಬೈತೀನಿ."

ಅವಿಟಾಲ್ ಹುಳಿಯಿಲ್ಲದ ರೊಟ್ಟಿಯನ್ನೂ ಚಹಾವನ್ನೂ ತಂದಿಟ್ಟಳು. ತೌಫೀಕ್ ಚಹಾ ಮಾತ್ರ ಕುಡಿದು ಎದ್ದ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹಬ್ಬ ಮುಗಿದ ಸಂಜೆ ರಬ್ಬಿಯ ಮನೆಯಲ್ಲಿ ಎಲ್ಲವನ್ನೂ ಮರಳಿ ಮಾರುವಾಗ ಅವನ ಬಾಯಿಂದ ಮಾತು ಹಾರಿಬಿತ್ತು. "ಎಲ್ಲಾ ತಗೊಳ್ಳಿ ರಬ್ಬಿ. ಗಿದೋನ್ ಮನೆ ಕಪಾಟು ಒಂದನ್ನ ಬಿಟ್ಟು. ಅದು ನನ್ನ ಹತ್ರಾನೇ ಇರ್ಲಿ."

"ಹುಡುಗಾಟ ಆಡ್ತಿದ್ದೀಯಾ?"

"ನೀವೇ ಹೇಳಿದ್ರಿ, ನಾಟಕದೋನು ಬೇಡ ಅಂತ."

ರಬ್ಬಿ ಕರವಸ್ತ್ರವನ್ನು ಮೇಜಿನ ಮೇಲೆ ಹಾಕಿದರು. ಆಮೇಲೆ ಕೆಮ್ಮು ಬರುವ ತನಕ ನಕ್ಕರು. ನಗು ನಿಂತ ಮೇಲೆ ಮುಖ ಸಣ್ಣದಾಯಿತು. "ಧರ್ಮ ನಿನ್ನ ಕಡೆ ಇದೆ. ಬುದ್ಧಿ ಇದ್ಯೋ ಇಲ್ವೋ, ಮನೆಗೆ ಹೋಗಿ ಯೋಚನೆ ಮಾಡು."

ಅವನು ಯೋಚಿಸಲಿಲ್ಲ. ಮಾರನೆಯ ದಿನವೇ ಕಾಫಿ ಅಂಗಡಿಗೆ ಹೋದ. "ಗುಡ್ಡ ಗೆದ್ದ ಸುಲ್ತಾನ ಬಂದ!" ಎಂದು ಜನ ಎದ್ದು ನಿಂತರು. ಅಂಗಡಿಯವನು ಕಾಫಿಯ ಕಾಸು ಬೇಡವೆಂದ. ಅತ್ತ ಗುಡ್ಡದ ಮೇಲೂ ಸುದ್ದಿ ಮನೆಮನೆ ತಿರುಗಿತು. "ಒಂದು ಅಂಟುಪಟ್ಟಿ, ಕಿತ್ತರೆ ಆಯ್ತು," ಎಂದನಂತೆ ಗಿದೋನ್. "ಇನ್ನೊಬ್ಬರ ಸ್ವತ್ತು ಮುಟ್ಟಿದ್ರೆ ಕಳ್ಳತನ. ನಾನಿರೋ ಮನೇಲಿ ಆಗಲ್ಲ," ಎಂದಳಂತೆ ಅವಿಟಾಲ್. ಮಕ್ಕಳಿಗೆ ಹೊಸ ತಿಂಡಿ ಡಬ್ಬ ತಂದು ಫ್ರಿಜ್ಜಿನ ಮೇಲಿಟ್ಟಳಂತೆ. ಇದನ್ನೆಲ್ಲ ಕೇಳಿ ತೌಫೀಕ್ ಎರಡು ದಿನ ಉಬ್ಬಿಹೋದ.

ಮೂರನೆಯ ದಿನ ಹನೀನ್ ಕೆಲಸದಿಂದ ಬಂದವಳು ಚೀಲವನ್ನೂ ಇಳಿಸಲಿಲ್ಲ.

"ಯಾಬಾ, ಇವತ್ತು ಮೊಣಕಾಲು ನೋವಿನ ಒಬ್ಬಾಕೆ ನಿನ್ನ ಕಪಾಟಿನ ಕಥೆ ಹೇಳಿ ಹೇಳಿ ನಕ್ಕಳು. ಅದರ ಸುಲ್ತಾನ ನಮ್ಮಪ್ಪ ಅಂತ ಅವಳಿಗೆ ಗೊತ್ತಿಲ್ಲ."

"ನಗಲಿ ಬಿಡು. ಅವರಿಗೂ ಸ್ವಲ್ಪ ಚುರುಕು ಮುಟ್ಲಿ."

"ಮುಟ್ಟೋದು ಯಾರಿಗೆ?" ಅವಳು ಚೀಲವನ್ನು ನೆಲಕ್ಕೆ ಕುಕ್ಕಿದಳು. "ಮೇಲ್ಮನವಿ ಮುಂದಿನ ವಾರ. ಅಲ್ಲಿ ಅವರ ವಕೀಲ ಎದ್ದು ಏನಂತಾನೆ ಹೇಳ್ಲಾ? 'ನೋಡಿ ಸ್ವಾಮಿ, ಒಂದು ವಾರಕ್ಕೆ ಅಂತ ಕಪಾಟು ಕೊಟ್ರೆ ಇವರು ಬಿಡಲ್ಲ ಅಂತಾರೆ. ಇವರಿಗೆ ಮನೆಜಾಗ ಬೇರೆ ಕೊಡ್ಬೇಕಾ?' ಅಂತಾನೆ. ನಾನು ಏನು ಉತ್ತರ ಕೊಡ್ಲಿ? ನಾನು ಮುಂಬಾಗಿಲಿಂದ ಹೋಗ್ಬೇಕು ಅಂತ ಒದ್ದಾಡ್ತಿದೀನಿ, ನೀನು ನನ್ನನ್ನ ಬಾಲ್ಕನಿಯಿಂದ ಹತ್ತಿಸ್ತಿದೀಯ!"

ಕಾಫಿ ಅಂಗಡಿಯ ಬೆಂಚಿನಲ್ಲಿ ಇದೊಂದು ತೌಫೀಕನಿಗೆ ಹೊಳೆದಿರಲಿಲ್ಲ. ಮಗಳ ಮನೆಗೆಂದು ಹಿಡಿದ ಹಟ ಮಗಳ ಮನೆಗೇ ಕಲ್ಲಾಗಿತ್ತು.

ಬೆಳಗಾಗುತ್ತಲೇ ರಬ್ಬಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ಹೋದ. ಕಪಾಟಿನ ಮುಂದೆ ನಿಂತು ಕೈ ಕುಲುಕಿ ಬಿಟ್ಟುಕೊಟ್ಟ. "ಮಕ್ಕಳ ತಿಂಡಿ ತಡೆದೆ. ತಪ್ಪಾಯ್ತಮ್ಮ," ಎಂದ.

"ಮಕ್ಕಳಿಗೆ ಹೊಸ ಡಬ್ಬದಲ್ಲಿ ಬೊಂಬೆ ಸಿಕ್ತು. ಅವರೇನೂ ಬೇಜಾರು ಮಾಡ್ಕೊಂಡಿಲ್ಲ," ಎಂದಳು ಅವಿಟಾಲ್. ಆಮೇಲೆ ಬಾಲ್ಕನಿಯಿಂದ ಕೆಳಗೆ ನೋಡುತ್ತ, "ಆ ತಗಡು ಯಾರ ಮನೇದು?" ಎಂದು ಕೇಳಿದಳು.

"ನನ್ನ ಮಗಳದು."

ಅವಳು ಅಂಟುಪಟ್ಟಿಯನ್ನು ಕಿತ್ತು, ಅವರನ್ನು ಬಾಗಿಲವರೆಗೂ ಬೀಳ್ಕೊಟ್ಟಳು.

ಮೇಲ್ಮನವಿಯ ದಿನ ಹನೀನ್ ಹೇಳಿದಂತೆಯೇ ಆಯಿತು. ಸಮಿತಿಯ ವಕೀಲ ಕಪಾಟಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದ. ಮೇಲ್ಮನವಿ ಕೇಳುವ ಮಂಡಳಿಯವರಲ್ಲಿ ಒಬ್ಬರ ತುಟಿ ಅರಳಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ತೌಫೀಕನಿಗೆ ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಬಾಗಿಲ ಬಳಿಯಿಂದ ಒಂದು ಹೆಣ್ಣುದನಿ ಕೇಳಿತು.

"ಆ ಕಪಾಟು ನನ್ನ ಮನೇದು. ನಾನು ಮಾತಾಡಬಹುದಾ?"

ಅವಿಟಾಲ್ ನಿಂತಿದ್ದಳು. ಗಂಡನ ಕಡೆ ನೋಡದೆ ಮುಂದೆ ಬಂದಳು. "ಈ ಮನುಷ್ಯ ಒಂದು ಬಿಸ್ಕತ್ತೂ ಮುಟ್ಟಲಿಲ್ಲ. ಹಟ ಮಾಡಿದ್ರು, ನಿಜ. ಯಾರೂ ಕೇಳೋ ಮೊದಲೇ ಬಂದು ಬಿಟ್ಟುಕೊಟ್ಟು ತಪ್ಪಾಯ್ತು ಅಂದ್ರು. ನಮ್ಮ ಗುಡ್ಡದಲ್ಲಿ ಜಗಳ ಆಡಿದವರು ಇಷ್ಟು ಬೇಗ ತಪ್ಪೊಪ್ಪಿದ್ದು ನಾನು ನೋಡಿಲ್ಲ. ವರ್ಷ ವರ್ಷ ಇವರ ಒಂದು ಮಾತು ನಂಬಿ ನಾವು ದೇವರ ಮುಂದೆ ಹಬ್ಬಕ್ಕೆ ಕೂರ್ತೀವಿ. ದೇವರ ಮುಂದೆ ಸಾಕಾಗೋ ನಂಬಿಕೆ ನಿಮ್ಮ ಸಮಿತಿ ಮುಂದೆ ಯಾಕೆ ಸಾಲಲ್ಲ? ನಾನು ಯೆಹೂದಿ. ನನ್ನ ಹಬ್ಬ ನಾನು ಬಿಡಲ್ಲ. ಪಕ್ಕದ ಮನೇಲಿ ಹನೀನ್ ಇದ್ರೆ ಅದು ಓಡಿಹೋಗಲ್ಲ."

ಗಿದೋನ್ ನೆಲ ನೋಡುತ್ತ ಕುಳಿತಿದ್ದ. ವಕೀಲ ಮತ್ತೆ ಎದ್ದಾಗ ಅವನು ತೋಳು ಹಿಡಿದು ಕೂರಿಸಿದ. ಅದೇಕೆಂದು ಯಾರಿಗೂ ತಿಳಿಯಲಿಲ್ಲ.

ತೀರ್ಪು ಬೇಸಗೆ ನಡುವಿನಲ್ಲಿ ಬಂತು. ಸಮಿತಿ ಕೊಟ್ಟ ಕಾರಣ ಕಾರಣವೇ ಅಲ್ಲ, ಮನೆಜಾಗ ಕೊಡತಕ್ಕದ್ದು ಎಂದು. ಹನೀನ್ ಚಿಕಿತ್ಸಾಲಯದಿಂದಲೇ ಫೋನು ಮಾಡಿದಳು. ನಝೀಹಾ ಅಂಗಳದಲ್ಲೇ ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದಳು. ನೆರೆಯ ಹೆಂಗಸರು ಓಡಿಬಂದರು. ಹರಸಿದವರು ಬಹಳ. "ನಮ್ಮನ್ನ ಬಿಟ್ಟು ಅವರ ಮಧ್ಯೆ ಹೋಗ್ತಾಳಲ್ಲ, ಸಾಕಾದ್ವಾ ನಾವು?" ಎಂದು ಮೂತಿ ತಿರುವಿದವರೂ ಇಲ್ಲದಿರಲಿಲ್ಲ.

ತೌಫೀಕ್ ಸಿಹಿ ಹಂಚಿದ, ಎಲ್ಲರನ್ನೂ ಅಪ್ಪಿಕೊಂಡ. ಜನ ಕರಗಿದ ಮೇಲೆ ಮನೆಗೆ ಬಂದ ಮಗಳ ಹಿಂದೆ ಮುಂದೆ ಸುತ್ತತೊಡಗಿದ. "ಗುಡ್ಡದ ಶಿಶುವಿಹಾರದಲ್ಲಿ ಮಗು ಯಾವ ಭಾಷೇಲಿ ಹಾಡುತ್ತೆ? ಅವರ ಸೈನಿಕರ ಸ್ಮರಣೆಯ ದಿನ ಸೈರನ್ ಕೂಗಿ ಎಲ್ಲರೂ ಎದ್ದು ನಿಂತಾಗ ನೀನು ನಿಲ್ತೀಯಾ, ಕೂರ್ತೀಯಾ? ನಿಂತ್ರೆ ನಮ್ಮವರು ಬೈತಾರೆ, ಕೂತ್ರೆ ಅವರು. ಗಡಿಯಲ್ಲಿ ಗುಂಡು ಹಾರಿದ ದಿನ ಅಂಗಡೀಲಿ ನಿನ್ನನ್ನ ಹೇಗೆ ನೋಡ್ತಾರೆ?"

"ಗೊತ್ತಿಲ್ಲ ಯಾಬಾ," ಎಂದಳು ಹನೀನ್. "ಮೊದಲು ಪಾಯ ತೋಡ್ಬೇಕು."

ಅವಳು ಮೇಲೆ ಹೋದಳು. ಅವನು ಎದ್ದ, ಕುಳಿತ, ಮತ್ತೆ ಎದ್ದ.

"ಕೊಡಲ್ಲ ಅಂದಾಗ ನಿಮಗೆ ನಿದ್ದೆ ಇಲ್ಲ," ಎಂದಳು ನಝೀಹಾ, ಖಾಲಿ ತಟ್ಟೆಗಳನ್ನು ಎತ್ತುತ್ತ. "ಕೊಡ್ತೀವಿ ಅಂದಾಗ್ಲೂ ನಿದ್ದೆ ಇಲ್ಲ. ಇನ್ನು ನೀವು ಮಲಗೋದು ಯಾವಾಗ?"

"ಅವಳು ಅಲ್ಲಿ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಎದ್ದು, ನನಗೆ ಫೋನು ಮಾಡಿದ ಮೇಲೆ," ಎಂದ ತೌಫೀಕ್. ಚಪ್ಪಲಿ ಮೆಟ್ಟಿಕೊಂಡು, ಪಾಯ ತೋಡುವವನ ಮನೆ ಹುಡುಕಿಕೊಂಡು ಹೊರಟ.